ಒಂದು ಪರಮಾಣುವಿನ ದಪ್ಪ

ಮಡಿಕೇರಿಯ ಉಪನ್ಯಾಸಕ ವಿಷ್ಣುಪ್ರಸಾದರಿಗೆ ತಲೆ ಕೆಟ್ಟಿದೆ, ದಿನವಿಡೀ ಪೆನ್ಸಿಲ್ ಕಡ್ಡಿಗೆ ಟೇಪು ಅಂಟಿಸಿ ಕೀಳುತ್ತಾರೆ ಎಂಬ ವದಂತಿಯಿದೆ. ಕೀಳುವುದು ನಿಜ, ತಲೆ ಸರಿಯಿದೆ. ಹಾಗೆ ಸುಲಿದ, ಒಂದೇ ಪರಮಾಣುವಿನಷ್ಟು ದಪ್ಪದ ಗ್ರ್ಯಾಫೀನ್ ಹಾಳೆಯ ಮೇಲೆ ಎಲೆಕ್ಟ್ರಾನುಗಳನ್ನೆಲ್ಲ ಒಂದೇ ಲಯದ ಅಲೆಯಾಗಿಸುವುದು, ಅಂದರೆ ಪ್ಲಾಸ್ಮಾನ್ ಎಬ್ಬಿಸುವುದು, ಅವರ ಹನ್ನೊಂದು ವರ್ಷಗಳ ಪಿಎಚ್‌ಡಿ. ಕೊನೆಯ ಗಡುವು ಡಿಸೆಂಬರ್. "ಪ್ಲಾಸ್ಮಾನ್ ಅಂದ್ರೆ ಎಂತ ಸಾರ್?" ಎಂದು ಯಾರು ಕೇಳಿದರೂ, "ಮದುವೆ ವಾಲಗಕ್ಕೆ ಎಲ್ಲರೂ ಒಟ್ಟಿಗೆ ಕುಣಿದ ಹಾಗೆ ಮಾರಾಯ. ನನ್ನ ಎಲೆಕ್ಟ್ರಾನುಗಳು ಇನ್ನೂ ಊಟದ ಪಂಕ್ತಿಗೆ ನುಗ್ತಾ ಇವೆ" ಎನ್ನುತ್ತಾರೆ. ಮಳೆಗಾಲದ ತೇವಕ್ಕೆ ಹಲವು ಹಾಳೆಗಳು ಕೆಟ್ಟಾಗ ಮಾತ್ರ ಊಟ ಬಿಟ್ಟರು. ಮರುದಿನ ಪೂಜೆಗೆ ಕುಳಿತರೆ ಸಾಲಿಗ್ರಾಮ ತಟ್ಟೆಯಲ್ಲಿತ್ತು. ಅದನ್ನಿಡುವ ಬೆಳ್ಳಿ ಸಂಪುಟದಲ್ಲಿ ತಾಯಿ ಮನೋರಮಾ ತೇವ ಹೀರಲೆಂದು ಒಣ ಅಕ್ಕಿ ತುಂಬಿ, ನಡುವೆ ಉಳಿದ ಹಾಳೆಗಳ ಡಬ್ಬಿ ಇಟ್ಟಿದ್ದರು. "ದೇವರಿಗೆ ಥಂಡಿ ಆಗೂದಿಲ್ಲ ಮಗಾ" ಎಂದರು. ಈಗ ಅಕ್ಟೋಬರ್. ಹಾಳೆಗಳು ಒಣಗಿವೆ, ಅಲೆ ಇನ್ನೂ ಎದ್ದಿಲ್ಲ.