ನಾನು ಕಳೆದುಹಾಕಿದ ಹೆಸರು

ಕೊತ್ತಂಬರಿ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ, ಉಪ್ಪುನೀರಿನಲ್ಲಿ ಅದ್ದಿ, ಅಡಿಯಿಂದ ಬೆಳಕು ಬರುವ ಗಾಜಿನ ಮೇಲೆ ಹರಡಿ ಹುಳ ಹುಡುಕುವುದು ನನ್ನ ಬೆಳಗಿನ ಕೆಲಸ. ನಗಬೇಡಿ. ದುಬೈಯ ನಮ್ಮ ಈ ಅಡುಗೆಮನೆಯಿಂದ ಊಟ ಹೋಗುವುದು ಯೆಹೂದಿ ಅತಿಥಿಗಳಿಗೆ. ಅವರ ಧರ್ಮದಲ್ಲಿ ಎಷ್ಟೇ ಸಣ್ಣದಾದರೂ ಹುಳ ನಿಷಿದ್ಧ. ಸಾಸಿವೆಗಿಂತ ಚಿಕ್ಕ ಹಸಿರು ಹುಳವೊಂದು ಹಸಿರು ಎಲೆಯ ನರಕ್ಕೆ ಅಂಟಿಕೊಂಡು ಸನ್ಯಾಸಿಯಂತೆ ಕುಳಿತಿರುತ್ತದೆ. ಅದನ್ನು ಹಿಡಿದಾಗ ನನಗಾಗುವ ಸಂತೋಷ ಕಳ್ಳನನ್ನು ಹಿಡಿದ ಪೊಲೀಸನಿಗೂ ಆಗಲಿಕ್ಕಿಲ್ಲ.

ನಾನು ಎಲೆ ತಿರುವುವಾಗ ಎದುರಿನ ಸ್ಟೂಲಿನ ಮೇಲೆ ಸೊಲೊಮನ್ ಅಂಕಲ್ ಹಾಳೆ ತಿರುವುತ್ತಿರುತ್ತಾರೆ. ಅಡುಗೆ ಅವರ ಧರ್ಮದ ಪ್ರಕಾರ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವವರು ಅವರು. ಮುಂಬೈ ಕಡೆಯ ಮರಾಠಿ ಮಾತಾಡುವ ಯೆಹೂದಿ. ಅವರ ಮರಾಠಿಗೂ ನನ್ನ ಕೊಂಕಣಿಗೂ ದಾಯಾದಿ ಸಂಬಂಧವಿರುವುದರಿಂದ ನಮ್ಮ ಮಾತುಕತೆ ಹೇಗೋ ಸಾಗುತ್ತದೆ. ತಾಲ್ಮುದ್ ಎಂಬ ಅವರ ಹಳೆಯ ಗ್ರಂಥದಿಂದ ದಿನಕ್ಕೊಂದು ಹಾಳೆ ಓದುವುದು ಅವರ ವ್ರತ. ರಾಗವಾಗಿ ಓದಿ, ಆಮೇಲೆ ನನಗೆ ಮರಾಠಿಯಲ್ಲಿ ಬಿಡಿಸಿ ಹೇಳುತ್ತಾರೆ. ಕೇಳುವವರಿಲ್ಲದಿದ್ದರೆ ಅವರಿಗೆ ನಿದ್ದೆ ಬರುತ್ತದಂತೆ.

ನಾನು ಕಲಿತದ್ದು ಏಳನೇ ಕ್ಲಾಸು. ಧರ್ಮಗ್ರಂಥವೆಂದರೆ ಚರ್ಚಿನಲ್ಲಿ ಮೊಣಕಾಲೂರಿ ತೆಪ್ಪಗೆ ಕೇಳುವಂಥದ್ದು ಎಂದು ತಿಳಿದಿದ್ದೆ. ಇಲ್ಲಿ ನೋಡಿದರೆ ಹಿರಿಯರೆಲ್ಲ ಬಂಗುಡೆ ಮೀನಿಗೆ ಚೌಕಾಸಿ ಮಾಡುವ ಹೆಂಗಸರ ಹಾಗೆ ವಾದಕ್ಕಿಳಿದಿದ್ದಾರೆ. ಸೋತವನ ಮಾತನ್ನೂ ಅಳಿಸದೆ ಉಳಿಸಿಕೊಂಡಿದ್ದಾರೆ. ದಾರಿಯಲ್ಲಿ ಚೆಲ್ಲಿಬಿದ್ದ ಹಣ್ಣು ಹೆಕ್ಕಿದವನದೋ ಕಳೆದುಕೊಂಡವನದೋ ಎಂಬುದರ ಮೇಲೆ ಎಷ್ಟೊಂದು ಚರ್ಚೆ! ಗುರುತಿರುವ ವಸ್ತುವಾದರೆ, ಸಿಕ್ಕವನು ಜನರ ನಡುವೆ ಸಾರಬೇಕು. ಕಳೆದುಕೊಂಡವನು ಗುರುತು ಹೇಳಿ ಪಡೆಯಬೇಕು. ಇದನ್ನು ಕೇಳಿದ ವಾರವೇ ಕರಾಮ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನನಗೊಂದು ಒಂಟಿ ಕಿವಿಯೋಲೆ ಸಿಕ್ಕಿತು. ಚೀಟಿ ಅಂಟಿಸಿದೆ. ಗುರುತು ಸರಿಯಾಗಿ ಹೇಳಿದವರು ಯಾರೂ ಬರಲಿಲ್ಲ, ಆದರೆ ವಿಚಾರಿಸಲು ಬಂದ ಹೆಂಗಸರೆಲ್ಲ ಚಹಾ ಕುಡಿದು ಗೆಳತಿಯರಾದರು. ಧರ್ಮ ಇಷ್ಟು ಸುಲಭವೇ ಎಂದು ಬೀಗಿದೆ.

ಬೀಗಿದ್ದು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅಂಕಲ್ ಓದಿದ ಹಾಳೆಯಲ್ಲಿ ನರಕದ ಮಾತು ಬಂತು. ನರಕಕ್ಕೆ ಇಳಿದವರು ಮತ್ತೆ ಮೇಲೆ ಬರುತ್ತಾರಂತೆ. ಬಾರದವರು ಕೆಲವರು ಮಾತ್ರ. ಜನರ ಮುಂದೆ ಇನ್ನೊಬ್ಬನನ್ನು ಅವಮಾನಿಸಿ ಅವನ ಮುಖದ ಕೆಂಪನ್ನು ಇಳಿಸಿ ಬಿಳಿಚಿಸಿದವನು ಅವರಲ್ಲೊಬ್ಬ, ಕೀಳು ಅಡ್ಡಹೆಸರಿಟ್ಟು ಕರೆದವನು ಇನ್ನೊಬ್ಬ. ನನ್ನ ಕೈಯ ಎಲೆ ಕೈಯಲ್ಲೇ ನಿಂತಿತು.

"ಅಂಕಲ್, ಕರೆಸಿಕೊಂಡವನಿಗೇ ಅಭ್ಯಾಸ ಆಗಿಹೋಗಿದ್ದರೆ?"

ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು. "ಅರೆ, ಅದೇ ಪ್ರಶ್ನೆ ಇಲ್ಲಿಯೂ ಇದೆಯಲ್ಲ! ಅಭ್ಯಾಸ ಆಗಿದ್ದರೂ ತಪ್ಪೇ ಅನ್ನುತ್ತದೆ. ಯಾಕೆ, ಯಾರಿಗೆ ಏನು ಹೆಸರಿಟ್ಟಿದ್ದೀರಿ?"

ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ನನ್ನ ಒಬ್ಬನೇ ತಮ್ಮ ವಲೇರಿಯನ್ ಊರಿಂದ ಬಂದ ಹೊಸದರಲ್ಲಿ ಒಂದು ಗ್ರೋಸರಿಯಲ್ಲಿದ್ದ. ಅರಬ್ಬರೊಬ್ಬರು ಬಂದು ರೊಟ್ಟಿ ಕೇಳಿದರು. ಇವನಿಗೆ ಭಾಷೆ ತಿಳಿಯಲಿಲ್ಲ. ಕ್ಷಮಿಸಿ ಎನ್ನಲು ಕೈಮುಗಿದು "ಮಾಫಿ, ಮಾಫಿ" ಎಂದ. ಇಲ್ಲಿಯ ಮಾತಿನಲ್ಲಿ ಮಾಫಿ ಎಂದರೆ 'ಇಲ್ಲ'. ಅವರು ಇವನ ಬೆನ್ನ ಹಿಂದೆ ಭುಜದೆತ್ತರಕ್ಕೆ ಪೇರಿಸಿದ್ದ ರೊಟ್ಟಿಯತ್ತ ಬೆರಳು ತೋರಿಸಿದರೆ ಇವನು ಇನ್ನೂ ಬಾಗಿ ಮತ್ತೆ "ಮಾಫಿ" ಎಂದನಂತೆ. ಅವನು ನಾಚುತ್ತ ನನ್ನೊಬ್ಬಳಿಗೆ ಹೇಳಿದ್ದನ್ನು ನಾನು ನಟನೆ ಸಮೇತ ಊರಿಗೆಲ್ಲ ಹಂಚಿದೆ. ನಾಮಕರಣ ಆಗಿಯೇಹೋಯಿತು. ಅವನ ಹೆಂಡತಿಯ ಫೋನಿನಲ್ಲಿಯೂ ಅವನು ಮಾಫಿಯೇ. ಕೊಂಕಣಿಯಲ್ಲಿ ಅಕ್ಕನಿಗೆ ಬಾಯ್ ಎನ್ನುತ್ತೇವೆ. ನನ್ನ ವಿಷಯದಲ್ಲಿ ಅದನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡರೂ ತಪ್ಪಿಲ್ಲ.

ಅಂದು ಮಧ್ಯಾಹ್ನವೇ ಫೋನು ಮಾಡಿದೆ. "ವಲೇರಿಯನ್, ಊಟ ಆಯ್ತಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಮೆಲ್ಲನೆ, "ಯಾರು ತೀರಿಕೊಂಡದ್ದು ಬಾಯ್?"

"ಯಾರೂ ಇಲ್ಲ ಮಾರಾಯ!"

"ಮತ್ತೆ ಆ ಹೆಸರು ಎಂತಕೆ? ನನ್ನ ಮೇಲೆ ಸಿಟ್ಟಾ?"

ನಗು ತಡೆದುಕೊಂಡು ಕೇಳಿದೆ, "ಮಾಫಿ ಅಂತ ಕರೆದರೆ ನಿನಗೆ ಬೇಜಾರಾಗ್ತದಾ?"

"ಮೊದಲು ಆಗ್ತಿತ್ತು. ಈಗ ಅಭ್ಯಾಸ ಆಗಿದೆ." ಮಾತು ತಿರುಗಿಸಿ, "ಮಗಳ ಎಂಗೇಜ್‌ಮೆಂಟಿಗೆ ಟೋಸ್ಟ್ ಹೇಳುವುದು ನೀನೇ ಅಲ್ವಾ? ಹುಡುಗನ ಮನೆಯವರು ಹೊಸಬರು... ಇರಲಿ, ಹೇಳು. ಆ ಕಥೆ ಇಲ್ಲದಿದ್ರೆ ಜನ ಬಿಡ್ಲಿಕ್ಕಿಲ್ಲ."

ಆ 'ಇರಲಿ' ಫೋನಿಟ್ಟ ಮೇಲೂ ನನ್ನನ್ನು ಬಿಡಲಿಲ್ಲ. ಇಪ್ಪತ್ತು ದಾಟಿದ ಹುಡುಗನೊಬ್ಬ ಗೊತ್ತಿಲ್ಲದ ನಾಡಿನಲ್ಲಿ ಕೈಮುಗಿದು ಕ್ಷಮೆ ಕೇಳಿದ್ದ. ಕೇಳಿದವರ ಕಿವಿಗೆ ಅದು 'ಇಲ್ಲ' ಎಂದು ಬಿದ್ದಿತ್ತು. ಆ 'ಇಲ್ಲ'ವನ್ನೇ ಅವನಿಗೆ ಹೆಸರಾಗಿ ಅಂಟಿಸಿ, ಮಂದಿಯ ನಡುವೆ ಅವನನ್ನೇ ಇಲ್ಲವಾಗಿಸಿದವಳು ನಾನು. ಯಾರದ್ದೋ ಕಿವಿಯೋಲೆಗೆ ಚೀಟಿ ಅಂಟಿಸಿದವಳಿಗೆ ತಮ್ಮನ ಹೆಸರು ಕಳೆದದ್ದು ತಿಳಿಯಲಿಲ್ಲ. ಕಳೆದ ವಸ್ತುವನ್ನು ಫೋನಿನಲ್ಲಿ ಪಿಸುಗುಟ್ಟಿ ಮರಳಿಸಲಾಗುವುದಿಲ್ಲ, ಜನರ ನಡುವೆಯೇ ಸಾರಬೇಕು ಎಂಬುದು ಮಾತ್ರ ನೆನಪಿತ್ತು.

ಎಂಗೇಜ್‌ಮೆಂಟಿನ ದಿನ ಊದ್ ಮೇಥಾ ಬಡಾವಣೆಯ ಸಭಾಂಗಣದಲ್ಲಿ, ಶುಭ ಕೋರುವ ಆ ಟೋಸ್ಟಿಗಾಗಿ ಗ್ಲಾಸು ಹಿಡಿದು ಎದ್ದು ನಿಂತಾಗ ಹಿಂದಿನ ಸಾಲಿನಿಂದ ಕೂಗು ಬಂತು: "ಬಾಯ್, ಮಾಫಿ ಕಥೆ! ಯಲ್ಲಾ, ಯಲ್ಲಾ, ಬೇಗ ಶುರು ಮಾಡು!" ಸುಳ್ಳು ಹೇಳುವುದಿಲ್ಲ, ನಾಲಿಗೆ ತುರಿಸಿತು. ಹೊಸ ಬೀಗರು, ತುಂಬಿದ ಸಭೆ, ಎಂದೂ ಸೋಲದ ಕಥೆ. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಪ್ರಲೋಭನೆ ಇನ್ನೇನಿದೆ? ತಮ್ಮ ಆಗಲೇ ಮುಖದ ಮೇಲೆ ಒಂದು ನಗುವನ್ನು ತಯಾರು ಮಾಡಿಟ್ಟುಕೊಂಡು ಕುಳಿತಿದ್ದ. ಆ ನಗುವನ್ನು ಎಷ್ಟೋ ಸಮಾರಂಭಗಳಲ್ಲಿ ನೋಡಿದ್ದೆ. ಅದರ ಕೆಳಗೆ ಬಣ್ಣವಿಲ್ಲದಿರುವುದು ಮೊದಲ ಸಲ ಕಂಡಿತು.

"ಈ ಹುಡುಗಿಯ ಅಪ್ಪ, ನನ್ನ ತಮ್ಮ, ವಲೇರಿಯನ್" ಎಂದೆ.

ಎಲ್ಲರೂ ನಕ್ಕರು, ಇದು ಕಥೆಯ ಪೀಠಿಕೆಯೆಂದುಕೊಂಡು. ಮುಂದಿನದಕ್ಕೆ ಕಾದರು. ಮುಂದೆ ಏನೂ ಇರಲಿಲ್ಲ. ಅವನನ್ನು ಮಾಫಿ ಎಂದಷ್ಟೇ ಬಲ್ಲ ಹುಡುಗನ ತಂದೆ, ಗದ್ದಲದಲ್ಲಿ ಕೊನೆಯ ಹೆಸರಷ್ಟೇ ಕೇಳಿಸಿ, ಪಕ್ಕಕ್ಕೆ ಬಾಗಿ ನನ್ನ ತಮ್ಮನನ್ನೇ ಕೇಳಿದರು, "ವಲೇರಿಯನ್ ಅಂದ್ರೆ ಯಾರು ಮಾರಾಯ್ರೆ?"

ಅವನು ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನಂತೆ ಕೈಯೆತ್ತಿ ಎದ್ದು ನಿಂತ. "ನಾನೇ" ಎಂದ. ನಾನು ಗ್ಲಾಸು ಎತ್ತಿದೆ, ಸಭೆ ಎತ್ತಿತು. ಟೋಸ್ಟ್ ಸಪ್ಪೆಯಾಯಿತೆಂದು ಹಿಂದಿನ ಸಾಲಿನವರು ಗೊಣಗಿದರು, ಅವರದೂ ತಪ್ಪಲ್ಲ.

ಊಟದ ಹೊತ್ತಿಗೆ ಇಬ್ಬರು ಮೂವರು ಮತ್ತೆ "ಮಾಫೀ, ಇಲ್ಲಿ ಬಾ" ಎಂದು ಕರೆದರು, ಅವನು ಹೋದ. ಒಂದೇ ಸಲ ಸಾರಿದರೆ ಸಾಲದೆಂದು ಆಗ ತಿಳಿಯಿತು. ತುಸು ಹೊತ್ತಿನ ಮೇಲೆ ಇಡ್ಲಿಯಂಥ 'ಸಣ್ಣ'ಗಳೂ ಮಾಂಸದ ಬಫಾತೂ ತುಂಬಿದ ತಟ್ಟೆ ಹಿಡಿದು ನನ್ನ ಬಳಿ ಬಂದ.

"ಬಾಯ್, ಆ ಹೆಸರು ಇನ್ನೊಮ್ಮೆ ಹೇಳು, ಕೇಳುವ."

ಸುತ್ತ ಜನರಿದ್ದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.