ಗೋಡೆಯೊಳಗೆ ಹೋದ ಆನೆ

ಹಸಿ ಸಿಮೆಂಟಿನ ವಾಸನೆ ಬಂದರೆ ಊರು ಮುಂದುವರಿಯಿತೆಂದು ಹಿಗ್ಗುವ ಪೈಕಿ ನಾನಲ್ಲ. ನಿನ್ನೆ ಸೊರಬದಿಂದ ಶಿಕಾರಿಪುರದ ಬಸ್ಸು ಹತ್ತಿ, ನಡುವೆ ನನ್ನ ಊರಿನಲ್ಲಿ ಇಳಿದು, ಅಕ್ಷರ ಕಲಿತ ಶಾಲೆಯ ಮುಂದೆ ನಿಂತೆ. ಅದೇ ವಾಸನೆ. ಕಲ್ಲಿನ ಮುಂಗೋಡೆಗೆ ಉದ್ದಕ್ಕೂ ಸಿಮೆಂಟು ಮೆತ್ತಿದ್ದರು. ಆನೆ ಇಲ್ಲ, ಮೊಲ ಇಲ್ಲ, ಹಂದಿಯೂ ಇಲ್ಲ.

ಓದುಗ ಮಹಾಶಯರೇ, ಆ ಪ್ರಾಣಿಗಳ ಪರಿಚಯ ಮಾಡಿಸದೆ ನಾನು ಸಿಟ್ಟಾದರೆ ನಿಮಗೆ ಅನ್ಯಾಯವಾದೀತು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಕಲ್ಲುಕುಟಿಗ ದುರ್ಗಪ್ಪ ಗೋಡೆಯ ಕಲ್ಲುಗಳ ಮೇಲೆ ಅವನ್ನು ಕೆತ್ತಿದ. ಒರಳು, ಬೀಸುಕಲ್ಲು ಮಾಡಿಕೊಂಡಿದ್ದ ಮನುಷ್ಯ. ಆನೆಯನ್ನು ಕಂಡಿದ್ದು ಒಂದೇ ಸಲ, ಅದೂ ಹಿಂದಿನಿಂದ. ಹಾಗಾಗಿ ನಮ್ಮ ಆನೆಯ ಮುಖದಲ್ಲಿ ಎಮ್ಮೆಯ ಗಾಂಭೀರ್ಯವಿತ್ತು. ಪ್ರಾರ್ಥನೆಗೆ ಒಂದನೇ ಕ್ಲಾಸು ಮೊಲದ ಕೆಳಗೆ, ಎರಡನೆಯದು ಹಂದಿಯ ಕೆಳಗೆ, ಮೂರು ನವಿಲು, ನಾಲ್ಕು ಆನೆ. ಪಾಸಾದೆ ಎನ್ನುತ್ತಿರಲಿಲ್ಲ, 'ಆನೆಗೆ ಬಂದೆ' ಎನ್ನುತ್ತಿದ್ದೆವು. ನಾನು ಹಂದಿಯ ಕೆಳಗೆ ಎರಡು ವರ್ಷ ನಿಂತೆ. ವಿವರ ಬೇಡ.

ಶಾಲಾ ಸಮಿತಿಯ ಅಧ್ಯಕ್ಷ ಬಸಣ್ಣ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ.

"ಏನ್ರೀ ಬಸಣ್ಣ ಇದು?"

"ಬಳ್ಳಿಗಾವಿ ಹಳೇ ಗುಡಿ ನೋಡಿಲ್ಲೇನ್ರೀ ಮೇಷ್ಟ್ರೇ? ಹಳೇ ಕಲ್ಲು ಅಂತ ಗೊತ್ತಾತಂದ್ರೆ ಪುರಾತತ್ವ ಇಲಾಖೆಯೋರು ಬಂದು ಬೋರ್ಡ್ ನೆಡ್ತಾರೆ. ಆಮೇಲೆ ಹೊಸ ಕೋಣೆ ಕಟ್ಟಂಗಿಲ್ಲ, ಮೊಳೆ ಹೊಡಿಯಂಗಿಲ್ಲ. ಅವ್ರ ಕಣ್ಣಿಗೆ ಬೀಳೋ ಮೊದ್ಲೇ ಮುಚ್ಚಿಸಿದ್ವಿ."

ನನಗೆ ಮೈಯೆಲ್ಲ ಉರಿಯಿತು. "ಹಳೇ ಕಲ್ಲಾ? ದುರ್ಗಪ್ಪ ಕೆತ್ತೋದನ್ನ ನಾನೇ ನೋಡಿದೀನಿ! ಯಾವ ಮುಠ್ಠಾಳ ಹೇಳಿದ ಹಳೇದು ಅಂತ?"

ಬಸಣ್ಣ ಗ್ಲಾಸು ಕೆಳಗಿಟ್ಟ. "ನೀವೇ ರೀ. ವಾರ್ಷಿಕೋತ್ಸವದ ಭಾಷಣದಾಗೆ. ಕದಂಬರ ಕಾಲದ್ದು ಅಂದ್ರಲ್ಲ?"

ಅಂದಿದ್ದೆ. 'ಈ ಆನೆಯಲ್ಲಿ ಕದಂಬರ ಉಳಿ ಉಸಿರಾಡುತ್ತಿದೆ' ಎಂದು, ಹೊದಿಸಿದ ಶಾಲಿನ ಬಿಸಿಯಲ್ಲಿ, ಚಪ್ಪಾಳೆಯ ಆಸೆಗೆ. ಕಲ್ಲುಕುಟಿಗನ ಹೆಸರು ಹೇಳಿದ್ದರೆ ಅಷ್ಟು ಚಪ್ಪಾಳೆ ಬೀಳುತ್ತಿತ್ತೇ? ಬಸಣ್ಣನ ಮೇಲೆ ಎತ್ತಿದ್ದ ಸಿಟ್ಟನ್ನು ಇಳಿಸಲು ನನ್ನ ತಲೆಯ ಹೊರತು ಬೇರೆ ಜಾಗವೇ ಇರಲಿಲ್ಲ.

ಅಷ್ಟರಲ್ಲಿ ಬಿಸಿಯೂಟದ ಅಡುಗೆಮನೆಯಿಂದ ಹಾಲಮ್ಮ ಬಂದಳು. ದುರ್ಗಪ್ಪನ ಮಗಳು, ಇಲ್ಲಿಯ ಅಡುಗೆಯವಳು.

"ನಮ್ಮಪ್ಪ ಬ್ಯಾಸಿಗೆ ಪೂರ್ತಿ ಬಿಸ್ಲಾಗೆ ಕುಂತು ಕೆತ್ತಿದ್ದು. ಅವ್ನ ಕೈಕೆಲ್ಸ ಅಂತ ಉಳಿದಿರೋದು ಇದೊಂದೇ. ಒಬ್ಬ ದೊಡ್ಡೋರು ರಾಜಂಗೆ ಕೊಟ್ರಿ, ಒಬ್ಬ ದೊಡ್ಡೋರು ಮಣ್ಣು ಮಾಡಿದ್ರಿ."

ಬಸಣ್ಣ ತಲೆ ಕೆರೆದುಕೊಂಡ. "ಹಳೇದಲ್ಲ ಅಂತ ಬರೆದು ಕೊಡ್ರಿ ಮೇಷ್ಟ್ರೇ, ಈಗ್ಲೇ ಕೆರೆಸ್ತೀನಿ. ಇನ್ನೂ ಹಸಿ ಐತಿ."

ಬರೆದೆ: 'ಈ ಪ್ರಾಣಿಗಳು ಯಾವ ರಾಜರ ಕಾಲದವೂ ಅಲ್ಲ. ಕೆತ್ತಿದವರು ಈ ಊರಿನ ದುರ್ಗಪ್ಪನವರು. ನಾನು ಕಣ್ಣಾರೆ ನೋಡಿದ್ದೇನೆ. ಭಾಷಣದಲ್ಲಿ ಹೇಳಿದ್ದು ಸುಳ್ಳು.' ಸಹಿ ಹಾಕಿದೆ. ಹಾಲಮ್ಮ ಎರಡನೇ ಸಾಲನ್ನು ಮತ್ತೊಮ್ಮೆ ಓದಿಸಿದಳು. ನಗಲಿಲ್ಲ. ಒಳಗಿನಿಂದ ಕಬ್ಬಿಣದ ಸಟ್ಟುಗ ತಂದು ನನ್ನ ಕೈಗಿಟ್ಟಳು.

"ಬರೆದಿದ್ದಾತಲ್ಲ, ಈಗ ಕೆರೀರಿ. ಕಿವಿ ಹತ್ರ ನಿಧಾನ."

ಸಂಜೆಯ ಬಸ್ಸಿನ ಹೊತ್ತಿಗೆ ಮೊಲ ಹೊರಬಂತು. ಅದರ ಒಂದು ಕಿವಿ ಮಾತ್ರ ನನ್ನ ಕೈಯಲ್ಲೇ ಮುರಿಯಿತು. ಹಾಲಮ್ಮ ಆ ತುಂಡನ್ನು ಸೆರಗಿಗೆ ಕಟ್ಟಿಕೊಂಡಳು.

ಇವತ್ತು ಮೊದಲ ಬಸ್ಸಿಗೇ ಮತ್ತೆ ಶಾಲೆಗೆ ಹೊರಟಿದ್ದೇನೆ. ಸಿಮೆಂಟು ನನಗಾಗಿ ಕಾಯುವುದಿಲ್ಲ. ಆನೆ ಇನ್ನೂ ಒಳಗೇ ಇದೆ.