ಹತ್ತು ನಿಮಿಷದ ಚಿಕ್ಕತ್ತೆ

ಪ್ರಯೋಗಾಲಯದಲ್ಲಿ ನಮ್ಮ ಚಿಕ್ಕತ್ತೆಯನ್ನು ‘ಹತ್ತು ನಿಮಿಷ’ ಎಂದೇ ಕರೆಯುತ್ತಾರೆ. ಅವರು ನನ್ನ ಅತ್ತೆಯ ತಂಗಿ. ರಕ್ತದ ಜೀವಕೋಶಗಳಿಗೆ ಫಾರ್ಮಾಲಿನ್ ಎಂಬ ರಾಸಾಯನಿಕ ಬೆರೆಸಿ, ಒಳಗಿದ್ದದ್ದನ್ನು ಇದ್ದಲ್ಲೇ ಹಿಡಿದು ನಿಲ್ಲಿಸಿ, ಸರಿಯಾಗಿ ಹತ್ತನೇ ನಿಮಿಷಕ್ಕೆ ಆ ಅಂಟುವಿಕೆಯನ್ನು ತಡೆಯುವುದು ಹನ್ನೆರಡು ವರ್ಷಗಳಿಂದ ಅವರ ಕೆಲಸ. ಆ ಹತ್ತು ನಿಮಿಷ ಯಾರೇ ಮಾತನಾಡಿಸಿದರೂ ತುಟಿಪಿಟಕ್ಕೆನ್ನುವುದಿಲ್ಲ.

ನನ್ನ ಮಗಳು ಎಡಗೈಯ ಮೂರು ಬೆರಳು ಅಂಟಿಕೊಂಡೇ ಹುಟ್ಟಿದಳು. ಜೀನುಗಳನ್ನು ಓದಿಸಿದ ವೈದ್ಯರು ಎಲ್ಲ ಸರಿಯಿದೆ ಎಂದರು. ಜೀನು ಸರಿಯಿದ್ದ ಮೇಲೆ ತಪ್ಪು ನನ್ನದೇ ಎಂದು ಅತ್ತೆ ತೀರ್ಮಾನಿಸಿದರು: ಬಸುರಿಯಾಗಿದ್ದಾಗ ಜ್ವರಕ್ಕೆ ನಾನು ನುಂಗಿದ ಎರಡು ಗುಳಿಗೆ. ಎರಡು ವರ್ಷ ಅದನ್ನೇ ಹಿಡಿದು ನನ್ನ ಜೀವ ಹಿಂಡಿದರು.

ಒಂದು ದಿನ ಚಿಕ್ಕತ್ತೆ ನಮ್ಮ ಮನೆಯಲ್ಲಿ ಹೊದಿಕೆ ಮಡಚುತ್ತಾ ಹೇಳಿದರು: “ಅವ್ರು ಓದಿದ್ದು ಅಕ್ಷರ ಮಾತ್ರ, ಮಡಿಕೆ ನೋಡಿಲ್ಲ. ಈ ಮೂಲೆಯಿಂದ ಆ ಮೂಲೆ ಎಷ್ಟು ದೂರ? ಮಡಚಿದ್ರೆ ಎರಡೂ ತಾಗುತ್ತೆ. ಜೀವಕೋಶದೊಳಗೆ ಡಿಎನ್‌ಎ ದಾರನೂ ಹಾಗೇ. ದೂರದ ಸ್ವಿಚ್ಚು ಮಡಿಕೆಯಿಂದಾಗಿ ತನ್ನ ಜೀನಿನ ಹತ್ರ ಬಂದು ಅದನ್ನ ಕೆಲಸಕ್ಕೆ ಹಚ್ಚುತ್ತೆ. ಎರಡು ಮಡಿಕೆ ಮಧ್ಯದ ಗಡಿ ಹೋದ್ರೆ, ಪಕ್ಕದ ಮನೆ ಜೀನನ್ನೂ ಎಬ್ಬಿಸಿಬಿಡುತ್ತೆ. ಆಗ ಬೆರಳು ಬಿಡಿಯಾಗದೆ ಹೀಗೆ ಅಂಟಿಕೊಂಡೇ ಬೆಳೀಬಹುದು.”

ಮಗುವಿನ, ನನ್ನ, ನನ್ನ ಗಂಡನ ರಕ್ತ ಅವರ ಪ್ರಯೋಗಾಲಯಕ್ಕೆ ಹೋಯಿತು. ಮಗುವಿನ ಸರದಿಯಲ್ಲಿ ಚಿಕ್ಕತ್ತೆ ಮೊದಲ ಬಾರಿಗೆ ಗಡಿಯಾರ ಮರೆತರು. ಹದಿನೇಳು ನಿಮಿಷ. ಹೊತ್ತು ಮೀರಿದರೆ ತಾಗದಿದ್ದದ್ದೂ ಅಂಟಿಕೊಂಡುಬಿಡುತ್ತದೆ; ನಮಗೆ ಬೇಕಾದ ಉತ್ತರವೇ ಸುಳ್ಳಾಗಿ ಬರಬಹುದಿತ್ತು. ಅವರು ಅದನ್ನು ಎಸೆದು, ತಪ್ಪನ್ನು ಮೇಲಿನವರಿಗೆ ಬರೆದುಕೊಟ್ಟು, ಮನೆಗೆ ಬಂದು “ಮಗೂಗೆ ಇನ್ನೊಂದ್ಸಲ ಚುಚ್ಚಬೇಕು” ಎಂದರು. ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ.

“ತಪ್ಪು ನಂದೇ ಕಣಮ್ಮ. ಟ್ಯೂಬಿನ ಮೇಲೆ ಇವಳ ಹೆಸರು ನೋಡಿ ಗಾಬರಿ ಆಯ್ತು. ಆದ್ರೆ ಹಾಳಾದ ರಕ್ತ ತೋರಿಸಿ ನಿನ್ನ ಈ ಅಪವಾದದಿಂದ ಬಿಡಿಸಿದ್ರೆ, ಅದು ನಾಳೆ ನಿಲ್ಲಲ್ಲ.”

ಎರಡನೇ ಸಲ ತೆಗೆದ ರಕ್ತದಲ್ಲಿ, ಮಡಿಕೆಗಳ ನಡುವಿನ ಒಂದು ಗಡಿ ಕಾಣೆಯಾಗಿರುವುದು ಸ್ಪಷ್ಟವಾಗಿ ಕಂಡಿತು. ಅದೇ ಗಡಿ ನನ್ನ ಗಂಡನಲ್ಲೂ ಇರಲಿಲ್ಲ. ಅವರ ಕಾಲಿನ ಎರಡು ಬೆರಳು ಹುಟ್ಟಿನಿಂದಲೇ ಅಂಟಿವೆ. ಅತ್ತೆಯ ಸ್ವಂತ ಮಗನ ಕಾಲಲ್ಲವೇ, ಅದಕ್ಕೆ ಯಾರೂ ಯಾರ ಗುಳಿಗೆಯನ್ನೂ ಹುಡುಕಿರಲಿಲ್ಲ.

ಚಿಕ್ಕತ್ತೆ ಅಡುಗೆಮನೆಯಲ್ಲಿ ಅಕ್ಕನ ಎದುರು ಕೂತು ವರದಿ ಓದಿದರು. “ಗುಳಿಗೆಯಿಂದ ಆಗಿದ್ದಲ್ಲ ಅಕ್ಕ. ನಿನ್ನ ಮಗನಿಂದ ಬಂದಿದ್ದು. ಅದು ಅವನ ತಪ್ಪೂ ಅಲ್ಲ.”

ಅತ್ತೆ ಎದ್ದು ಹೋದರು. ‘ತಪ್ಪಾಯ್ತು’ ಎಂಬ ಮಾತಿಗೆ ಕಾದೆ, ಅದು ಬರಲಿಲ್ಲ. ಬಂದದ್ದು ನನಗೆ ಅಳು. ಎರಡು ವರ್ಷ ಅತ್ತೆಯ ಜೊತೆ ಜಗಳವಾಡಿದ ನಾನು, ಒಳಗೊಳಗೆ ಅವರ ಮಾತನ್ನೇ ನಂಬಿದ್ದೆ.